ಬಾವಿಗೂ ಬೇಕು ಒಂದು ಹರೀಮ್: ಬೂದಿಕೋಟೆಯ ನೀರಿಗೆ ಎಲ್ಲೆ ಗುರುತಿಸುವವರಾರು?

ಬೂದಿಕೋಟೆಯ ಹೆಸರು ಚರಿತ್ರೆಯಲ್ಲಿ ಹೈದರ್ ಅಲಿಯ ಜನ್ಮಸ್ಥಳವೆಂದು ದಾಖಲಾಗಿದೆ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಈ ಊರಿನಲ್ಲಿ ಜನಿಸಿದ ಬಾಲಕನು ಮುಂದೆ ದಕ್ಷಿಣ ಭಾರತದ ರಾಜಕೀಯದ ದಿಕ್ಕನ್ನೇ ಬದಲಿಸಿದನು. ಹೈದರ್ ಮತ್ತು ಟಿಪ್ಪುವಿನ ಹೆಸರಿನಲ್ಲಿ ವಾಗ್ವಾದ ನಡೆಸಲು ನಮ್ಮ ರಾಜಕಾರಣಿಗಳಿಗೆ ಎಂದೂ ಬಿಡುವಿನ ಕೊರತೆಯಾಗಿಲ್ಲ. ಆದರೆ ಅದೇ ಬೂದಿಕೋಟೆಯ ಜನರು ಇಂದು ಕುಡಿಯುವ ನೀರು ಯಾವ ನೆಲದಡಿಯಿಂದ ಬರುತ್ತಿದೆ, ಆ ನೆಲದ ಮೇಲೆ ಏನು ಸುರಿಯಲಾಗುತ್ತಿದೆ ಎಂದು ಕೇಳಲು ಮಾತ್ರ ಯಾರಿಗೂ ಬಿಡುವಿಲ್ಲ. ಗತವೈಭವದ ಚರ್ಚೆಗಿಂತ ಮಕ್ಕಳ ಬಟ್ಟಲಿನಲ್ಲಿರುವ ನೀರಿನ ಪ್ರಶ್ನೆ ಕಿರಿದೆಂದು ಭಾವಿಸುವ ಸಮಾಜಕ್ಕೆ ಭವಿಷ್ಯವಿರಲಾರದು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಬೂದಿಕೋಟೆಯ ಬಳಿಯ ಮಾರ್ಕಂಡೇಯ, ಇವೆಲ್ಲವೂ ಮಳೆಯನ್ನು ನಂಬಿದ ಹೊಳೆಗಳು. ಪೂರ್ವಿಕರು ಈ ಬರಡು ನೆಲದಲ್ಲಿ ಕೆರೆಗಳ ಸರಪಳಿಯನ್ನೇ ಕಟ್ಟಿದರು. ಕೆರೆಯ ಕೆಳಗಿನ ತೆರೆದ ಬಾವಿಗಳು ಊರಿನ ಬಾಯಾರಿಕೆ ತಣಿಸಿದವು. ನಂತರ ಕೆರೆಗಳು ಹೂಳು ತುಂಬಿದವು, ಗೋಮಾಳಗಳಲ್ಲಿ ನೀಲಗಿರಿ ಬೆಳೆಯಿತು, ಕೊಳವೆಬಾವಿಗಳ ಯುಗ ಆರಂಭವಾಯಿತು. ರಾಜ್ಯ ಸರಕಾರವು ನೀಲಗಿರಿಯ ಹೊಸ ನೆಡುತೋಪುಗಳನ್ನು ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದ್ದವು. ಕೇಂದ್ರ ಅಂತರ್ಜಲ ಮಂಡಳಿಯು ಕೋಲಾರವನ್ನು ತನ್ನ ಹಲವು ಮೌಲ್ಯಮಾಪನಗಳಲ್ಲಿ ಅತಿಬಳಕೆಯ ಪಟ್ಟಿಗೇ ಸೇರಿಸಿದೆ. ಅಂದರೆ, ಮಳೆಯು ಭೂಮಿಗೆ ಕೊಡುವುದಕ್ಕಿಂತ ಹೆಚ್ಚು ನಾವು ಭೂಮಿಯಿಂದ ಕಸಿಯುತ್ತಿದ್ದೇವೆ.

ಕಸಿದ ನೀರಾದರೂ ಶುದ್ಧವೇ? ಆಳದ ಗ್ರಾನೈಟ್ ಬಂಡೆಯ ಜೊತೆ ದೀರ್ಘಕಾಲ ಸಂಪರ್ಕದಲ್ಲಿದ್ದ ನೀರಿನಲ್ಲಿ ಫ್ಲೋರೈಡ್ ಸೇರುವ ಸಂಭವ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ಹಿರಿಯರ ಕೀಲು ಬಿಗಿಯುತ್ತದೆ. ಕೋಲಾರದ ಹಳ್ಳಿಗಳಿಗೆ ಇದನ್ನು ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿಲ್ಲ. ಇನ್ನೊಂದು ವಿಷ ನೈಟ್ರೇಟ್. ಅದು ಬಂಡೆಯಿಂದ ಬರುವುದಲ್ಲ. ನಮ್ಮ ಶೌಚಗುಂಡಿ, ಚರಂಡಿ, ತಿಪ್ಪೆ ಮತ್ತು ಹೊಲದ ಗೊಬ್ಬರದಿಂದ ಇಳಿಯುವಂಥದ್ದು. ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಹಸುಳೆಗಳ ರಕ್ತದಲ್ಲಿ ಆಮ್ಲಜನಕ ಸಾಗುವುದನ್ನೇ ಅದು ತಡೆಯಬಲ್ಲದು. ಮೊದಲನೆಯದು ನಾವು ಆಳಕ್ಕೆ ಹೋದದ್ದರ ಫಲ. ಎರಡನೆಯದು ಮೇಲ್ಮೈಯನ್ನು ಕೆಡಿಸಿದ್ದರ ಫಲ.

ಇದಕ್ಕೆ ಆಳುವವರ ಉತ್ತರವೇನು? ದೊಡ್ಡ ಕಾಮಗಾರಿ, ದೊಡ್ಡ ಸಮಾರಂಭ. ಮಾರ್ಕಂಡೇಯ ನದಿಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೂ ನಲುವತ್ತೈದು ಹಳ್ಳಿಗಳಿಗೂ ನೀರು ಕೊಡುವುದು ಅದರ ಉದ್ದೇಶ. ಇದು ಸ್ವಾಗತಾರ್ಹ, ಸಂಶಯವಿಲ್ಲ. ಆದರೆ ಅದರ ಪಟ್ಟಿಗೆ ಸೇರದ ಹಳ್ಳಿಗಳು ಹಲವಿವೆ; ಸೇರಿದ ಊರುಗಳೂ ಮಳೆ ಕೈಕೊಟ್ಟ ವರ್ಷ ಮತ್ತೆ ಕೊಳವೆಬಾವಿಯ ಮುಂದೆಯೇ ನಿಲ್ಲಬೇಕು. ಹಳ್ಳಿಗೊಂದರಂತೆ ಶುದ್ಧ ಕುಡಿಯುವ ನೀರಿನ ಘಟಕ ಇನ್ನೊಂದು ಉತ್ತರ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಯಂತ್ರ ಕೆಟ್ಟರೆ ವಾರಗಟ್ಟಲೆ ಬೀಗ. ಘಟಕವು ಹೊರಹಾಕುವ ತ್ಯಾಜ್ಯ ನೀರಿನಲ್ಲಿ ಅದೇ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗಿರುತ್ತದೆ. ಅದನ್ನು ಪಕ್ಕದ ಮೋರಿಗೆ ಬಿಟ್ಟರೆ ಅದು ಹೋಗುವುದಾದರೂ ಎಲ್ಲಿಗೆ? ರೋಗಕ್ಕೆ ಔಷಧಿ ಮಾರುವವರು ಹೆಚ್ಚಿದ್ದಾರೆ. ರೋಗ ಬಾರದಂತೆ ಕಾಯುವವರು ಇಲ್ಲ.

ನಾವು ಇಲ್ಲಿ ಒತ್ತಿ ಹೇಳಬಯಸುವುದು ಒಂದೇ ವಿಷಯ. ಬಾವಿಯೆಂದರೆ ನೆಲದಲ್ಲಿ ಕೊರೆದ ರಂಧ್ರವಲ್ಲ. ಆ ರಂಧ್ರಕ್ಕೆ ನೀರು ಕಳುಹಿಸುವ ಇಡೀ ನೆಲವೇ ಬಾವಿ. ಗುಡ್ಡದ ಇಳಿಜಾರು, ಕೆರೆಯಂಗಳ, ಹೊಲ, ಬೀದಿ, ಮನೆಯ ಹಿತ್ತಲು ಎಲ್ಲವೂ ಅದರ ಭಾಗ. ಪಂಪಿನ ಕೋಣೆಗೆ ಬೀಗ ಹಾಕಿ ಹಿತ್ತಲಿನಲ್ಲಿ ಶೌಚಗುಂಡಿ ತೋಡಿದರೆ ಮುಂಬಾಗಿಲಿಗೆ ಬೀಗ ಜಡಿದು ಹಿಂಬಾಗಿಲನ್ನು ತೆರೆದಿಟ್ಟಂತೆ. ಆದ್ದರಿಂದ ಪ್ರತಿಯೊಂದು ಸಾರ್ವಜನಿಕ ಕುಡಿಯುವ ನೀರಿನ ಮೂಲಕ್ಕೂ ಅದರ ರಕ್ಷಣಾ ವಲಯವನ್ನು ನಕ್ಷೆಯಲ್ಲಿ ಗುರುತಿಸಬೇಕು. ಆ ನಕ್ಷೆಗೆ ಕಾನೂನಿನ ಬಲವಿರಬೇಕು. ಊರಿನ ಜನರಿಗೆ ಅದರ ಅರಿವಿರಬೇಕು.

ಕರ್ನಾಟಕದಲ್ಲಿ ಕಾನೂನೇ ಇಲ್ಲವೆಂದಲ್ಲ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ಅಂತರ್ಜಲವನ್ನು ನಿಯಂತ್ರಿಸುವ 1999ರ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯಬಾರದೆಂದು ಅದು ಹೇಳುತ್ತದೆ. ನೆರೆಯ ಮಹಾರಾಷ್ಟ್ರವು 1993ರಲ್ಲೇ ಇಂಥದ್ದೇ ಕಾನೂನು ಮಾಡಿತ್ತು. ಅಂತರ್ಜಲದ ಒಟ್ಟು ಬಳಕೆಯನ್ನು ನಿಯಂತ್ರಿಸುವ ಇನ್ನೊಂದು ಕಾಯ್ದೆ 2011ರಲ್ಲಿ ಬಂತು. 500 ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 194 ಎಕರೆ. ಒಂದು ಸಾರ್ವಜನಿಕ ಕೊಳವೆಬಾವಿಗೆ ಇಷ್ಟು ನೆಲದ ರಕ್ಷಣೆಯನ್ನು ಶಾಸನಸಭೆಯೇ ಕೊಟ್ಟಿದೆ! ಆದರೆ ತಮ್ಮೂರಿನಲ್ಲಿ ಆ ವೃತ್ತ ಎಲ್ಲಿಂದ ಎಲ್ಲಿಗೆ ಹಾದುಹೋಗುತ್ತದೆಂದು ಹೇಳಬಲ್ಲವರು ಎಷ್ಟು ಮಂದಿ? ಕೊಳವೆಬಾವಿಯ ಲಾರಿ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಕೊರೆದು ಹೋಗುವ ನಾಡಿನಲ್ಲಿ, ನಕ್ಷೆಯಿಲ್ಲದ ಕಾನೂನು ಕಡತದಲ್ಲಿಯೇ ಉಳಿಯುತ್ತದೆ.

ಈ ಕಾಯ್ದೆಗೆ ಇನ್ನೊಂದು ಮಿತಿಯೂ ಇದೆ. ಅದು ನೋಡುವುದು ನೀರಿನ ಪ್ರಮಾಣವನ್ನು, ನೀರಿನ ಶುದ್ಧಿಯನ್ನಲ್ಲ. ಆ ವೃತ್ತದೊಳಗೆ ಮತ್ತೊಂದು ಬಾವಿ ಕೊರೆಯಲು ಅನುಮತಿ ಬೇಕು. ಕಸ ಸುರಿಯುವುದನ್ನು, ಶೌಚಗುಂಡಿ ತೋಡುವುದನ್ನು ಆ ವೃತ್ತ ತಡೆಯುವುದಿಲ್ಲ. ಮೇಲಾಗಿ, ನೆಲದಡಿಯ ನೀರು ಕೈವಾರದಿಂದ ಗೀಚಿದ ವೃತ್ತಕ್ಕೆ ಬದ್ಧವಾಗಿ ಹರಿಯುವುದಿಲ್ಲ. ಕೋಲಾರದ ನೆಲ ಗಟ್ಟಿ ಬಂಡೆಯದು. ಮರಳು ನೆಲದಲ್ಲಿ ನೀರು ಸೋಸಿಕೊಂಡು ನಿಧಾನವಾಗಿ ಸಾಗಿದರೆ, ಬಂಡೆಯಲ್ಲಿ ಅದು ಬಿರುಕುಗಳ ದಾರಿ ಹಿಡಿಯುತ್ತದೆ. ಒಂದು ದಿಕ್ಕಿನಲ್ಲಿ ನೂರು ಮೀಟರ್ ದೂರದ ಗುಂಡಿಯಿಂದ ಬಾವಿಗೆ ಏನೂ ಆಗದಿರಬಹುದು. ಇನ್ನೊಂದು ದಿಕ್ಕಿನಲ್ಲಿ ಕಿಲೋಮೀಟರ್ ದೂರದ ಕೊಳಕು ಬಿರುಕಿನ ಮೂಲಕ ಬಂದು ಸೇರಬಹುದು. ಬಂಡೆಯ ಬಿರುಕು ಯಾವ ಕಡೆಗಿದೆ, ನೆಲದ ಇಳಿಜಾರು ಎತ್ತ, ಮಳೆಯ ನೀರು ಇಂಗುವುದು ಎಲ್ಲಿ ಎಂಬುದನ್ನು ಅರಿತು ಎಳೆದ ಗೆರೆಯೇ ನಿಜವಾದ ರಕ್ಷಣೆ.

ಇದನ್ನು ಅಲಕ್ಷಿಸಿದರೆ ಏನಾಗುವುದೆಂದು ಜಗತ್ತು ಕಂಡಿದೆ. ಕೆನಡಾದ ವಾಕರ್ಟನ್ ಎಂಬ ಪುಟ್ಟ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಭಾರೀ ಮಳೆ ಸುರಿಯಿತು. ಊರಿಗೆ ನೀರು ಕೊಡುತ್ತಿದ್ದ ಬಾವಿಯೊಂದು ಬಿರುಕು ಬಂಡೆಯಲ್ಲಿ ಹೆಚ್ಚು ಆಳವಿಲ್ಲದೆ ತೋಡಲ್ಪಟ್ಟಿತ್ತು. ಪಕ್ಕದ ಹೊಲದ ಸಗಣಿಗೊಬ್ಬರದ ರೋಗಾಣು ಮಳೆನೀರಿನೊಡನೆ ಬಾವಿಗಿಳಿಯಿತು. ಏಳು ಜನರು ಮೃತಪಟ್ಟರು. ಸುಮಾರು 2,300 ಜನರು ಅಸ್ವಸ್ಥರಾದರು. ನೀರು ಸರಬರಾಜಿನ ನೌಕರರು ಕ್ಲೋರಿನ್ ಪರೀಕ್ಷೆಯ ಸುಳ್ಳು ಲೆಕ್ಕ ಬರೆದಿದ್ದರೆಂಬುದು ತನಿಖೆಯಲ್ಲಿ ಬಯಲಾಯಿತು. ಆದರೆ ಗೊಬ್ಬರ ಹಾಕಿದ ರೈತನ ಮೇಲೆ ತನಿಖಾ ಆಯೋಗ ತಪ್ಪು ಹೊರಿಸಲಿಲ್ಲ. ಅವನು ಎಲ್ಲ ರೈತರೂ ಮಾಡುವಂತೆಯೇ ಮಾಡಿದ್ದನು. ಆ ಹೊಲವು ಬಾವಿಯ ರಕ್ಷಣಾ ನೆಲವೆಂದು ಗುರುತಿಸಿ ಅದನ್ನು ಕಾಯುವ ವ್ಯವಸ್ಥೆಯೇ ಇರಲಿಲ್ಲ. ಆ ದುರಂತದ ನಂತರ ಒಂಟಾರಿಯೊ ಪ್ರಾಂತ್ಯವು 2006ರಲ್ಲಿ ಕಾನೂನು ಮಾಡಿ ಕುಡಿಯುವ ನೀರಿನ ಮೂಲಗಳ ಸುತ್ತಲಿನ ವಲಯಗಳ ನಕ್ಷೆಯನ್ನು ಕಡ್ಡಾಯಗೊಳಿಸಿತು. ನಮ್ಮ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರಲ್ಲಿ ಕಲುಷಿತ ನೀರು ಕುಡಿದು ಬಡವರು ಪ್ರಾಣ ಕಳೆದುಕೊಂಡಾಗ ಪರಿಹಾರದ ಘೋಷಣೆಯಾಯಿತು, ಅಮಾನತುಗಳಾದವು. ಅಂಥ ಕಾನೂನಾದರೂ ಬಂತೇ?

ಯುರೋಪಿನ ಹಲವು ದೇಶಗಳಲ್ಲಿ ಮೂರು ಸುತ್ತುಗಳ ಪದ್ಧತಿಯಿದೆ. ಮೊದಲನೆಯದು ಬಾವಿಗೆ ಅಂಟಿಕೊಂಡ ಆವರಣ. ಅಲ್ಲಿ ಬಾವಿಯ ಕೆಲಸವನ್ನುಳಿದು ಬೇರೇನೂ ನಡೆಯಕೂಡದು. ಜರ್ಮನಿಯಲ್ಲಿ ಎರಡನೆಯ ಸುತ್ತನ್ನು ಐವತ್ತು ದಿನಗಳ ಲೆಕ್ಕದಲ್ಲಿ ಎಳೆಯುತ್ತಾರೆ. ಆ ಗೆರೆಯ ಮೇಲೆ ಇಂಗಿದ ಹನಿ ಬಾವಿಗೆ ತಲುಪಲು ಐವತ್ತು ದಿನ ಬೇಕು. ರೋಗಾಣುಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ನೆಲದಡಿಯಲ್ಲೇ ಸಾಯುತ್ತವೆ. ಆದ್ದರಿಂದ ಆ ಗೆರೆಯೊಳಗೆ ಶೌಚಗುಂಡಿ, ತಿಪ್ಪೆ, ಚರಂಡಿ ಸಲ್ಲದು. ಮೂರನೆಯದು ಬಾವಿಗೆ ನೀರುಣಿಸುವ ಸಂಪೂರ್ಣ ನೆಲ. ಅಲ್ಲಿ ಕಾರ್ಖಾನೆಯ ರಾಸಾಯನಿಕಕ್ಕೆ ಅವಕಾಶವಿಲ್ಲ, ಏಕೆಂದರೆ ರಾಸಾಯನಿಕವು ಐವತ್ತು ದಿನದಲ್ಲಿ ಸಾಯುವ ಜೀವಿಯಲ್ಲ. ಇಂಗ್ಲೆಂಡಿನಲ್ಲೂ ಹೆಚ್ಚುಕಡಿಮೆ ಇದೇ ಕ್ರಮವಿದೆ.

ಇದು ಸಿರಿವಂತ ದೇಶಗಳ ಶೋಕಿ ಎಂದು ತಳ್ಳಿಹಾಕುವವರಿಗೆ ನಮ್ಮದೇ ಪರಂಪರೆಯನ್ನು ನೆನಪಿಸಬೇಕಾಗಿದೆ. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಬಾವಿಯ ಸುತ್ತಲಿನ ಸಂರಕ್ಷಿತ ನೆಲಕ್ಕೆ 'ಹರೀಮ್' ಎಂಬ ಹೆಸರೇ ಇದೆ. ಜಾನುವಾರುಗಳಿಗೆ ನೀರುಣಿಸುವ ಬಾವಿಗೆ 40 ಮೊಳ ಹರೀಮ್ ಎಂಬ ಉಲ್ಲೇಖವು ಹದೀಸ್ ಸಂಗ್ರಹಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಟ್ಟೋಮನ್ ಸರಕಾರವು ಸಂಕಲಿಸಿದ 'ಮಜಲ್ಲಾ' ಎಂಬ ನಾಗರಿಕ ಸಂಹಿತೆಯು ಬಾವಿಗೆ ನಲುವತ್ತು, ಚಿಲುಮೆಗೆ ಐನೂರು ಮೊಳಗಳನ್ನು ನಿಗದಿಪಡಿಸಿ, ಇನ್ನೊಬ್ಬರ ಹರೀಮಿನೊಳಗೆ ತೋಡಿದ ಬಾವಿಯನ್ನು ಮುಚ್ಚಿಸಬೇಕೆಂದಿತು. ಮಾಲಿಕೀ ವಿದ್ವಾಂಸರಂತೂ ಇಂತಿಷ್ಟೇ ಮೊಳವೆಂದು ಗೆರೆ ಎಳೆಯಲಿಲ್ಲ. ನೆಲವು ಮೆದುವೋ ಗಟ್ಟಿಯೋ, ಬಾವಿಗೆ ಹಾನಿ ಎಷ್ಟು ದೂರದಿಂದ ತಟ್ಟೀತು ಎಂಬುದನ್ನು ನೋಡಿ ನಿರ್ಧರಿಸಬೇಕೆಂದರು. ಇಂದಿನ ಭೂವಿಜ್ಞಾನಿ ಹೇಳುವುದೂ ಇದನ್ನೇ ಅಲ್ಲವೇ? ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು, ಜನರು ನೀರಿಗೆ ಬರುವ ತಾಣದಲ್ಲಿ ಮಲ ವಿಸರ್ಜಿಸುವುದನ್ನು ಪ್ರವಾದಿ ಮುಹಮ್ಮದ್(ಸ) ಕಟ್ಟುನಿಟ್ಟಾಗಿ ನಿಷೇಧಿಸಿದರು. ಹಝ್ರತ್ ಉಸ್ಮಾನ್(ರ) ಮದೀನಾದ ರೂಮಾ ಬಾವಿಯನ್ನು ತಮ್ಮ ಹಣದಿಂದ ಖರೀದಿಸಿ ಜನರಿಗೆ ಮುಕ್ತಗೊಳಿಸಿದರು. ನೀರನ್ನು ಕೊಡುವುದು ಎಷ್ಟು ದೊಡ್ಡ ಪುಣ್ಯವೋ ಅದನ್ನು ಕೆಡಿಸುವುದು ಅಷ್ಟೇ ದೊಡ್ಡ ಅಪರಾಧ.

ಈ ಮಾತನ್ನು ನಾವು ಮೊದಲು ನಮಗೇ ಹೇಳಿಕೊಳ್ಳಬೇಕು. ನಮ್ಮ ಎಷ್ಟು ಮಸೀದಿಗಳಲ್ಲಿ ಕೊಳವೆಬಾವಿಯೂ ಶೌಚಾಲಯದ ಗುಂಡಿಯೂ ಒಂದೇ ಇಕ್ಕಟ್ಟಿನ ಆವರಣದಲ್ಲಿವೆ? ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆಯಿಲ್ಲದೆ ವುಝೂವಿನ ಬಚ್ಚಲು ನೀರು ಅಲ್ಲೇ ಇಂಗುವುದನ್ನು ಎಷ್ಟು ಕಮಿಟಿಗಳು ಗಮನಿಸಿವೆ? ಬಕ್ರೀದ್ ಹಬ್ಬದಂದು ತ್ಯಾಜ್ಯವನ್ನು ರಾಜಕಾಲುವೆಗೂ ಕೆರೆಯ ಅಂಚಿಗೂ ಎಸೆಯುವವರು ಯಾವ ಸುನ್ನತ್ತನ್ನು ಪಾಲಿಸುತ್ತಿದ್ದಾರೆ? ಹೊಸ ಖಬರಸ್ತಾನಕ್ಕೆ ಜಾಗ ಹುಡುಕುವಾಗ ಸಮೀಪದ ಕುಡಿಯುವ ನೀರಿನ ಬಾವಿ ಎಷ್ಟು ದೂರವೆಂದು ಯಾರಾದರೂ ಅಳೆದಿದ್ದಾರೆಯೇ? ಇಂಗ್ಲೆಂಡಿನ ಪರಿಸರ ಇಲಾಖೆಯು ಈ ಅಂತರವು 250 ಮೀಟರ್‌ಗಿಂತ ಕಡಿಮೆ ಇರಬಾರದೆನ್ನುತ್ತದೆ. ಇಂಥ ಪ್ರಶ್ನೆಗಳಿಂದ ಯಾರ ಮನಸ್ಸೂ ನೋಯಬೇಕಾಗಿಲ್ಲ. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ಬಗೆಯುವ ಸಮುದಾಯವು ಈ ವಿಷಯದಲ್ಲಿ ಇತರರಿಗೆ ಮಾದರಿಯಾಗಬೇಕಿತ್ತು.

ಹಾಗೆಂದು ಸರಕಾರದ ಹೊಣೆ ಕಡಿಮೆಯಾಗುವುದಿಲ್ಲ. ಜಿಲ್ಲೆಯಲ್ಲಿ ಈಗಾಗಲೇ ಕೈಗೊಂಡ ಎರಡು ದೊಡ್ಡ ತೀರ್ಮಾನಗಳು ರಕ್ಷಣಾ ನಕ್ಷೆಯನ್ನು ತುರ್ತಾಗಿಸಿವೆ. ಮೊದಲನೆಯದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಈ ಯೋಜನೆಯ ನೀರು 2018ರಲ್ಲಿ ಹರಿಯತೊಡಗಿತು. ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ಮಧ್ಯಪ್ರವೇಶಿಸಿತು, ವಿವಾದವು ಸುಪ್ರೀಂ ಕೋರ್ಟಿನವರೆಗೂ ಹೋಗಿ, ನೀರು ಮತ್ತೆ ಹರಿಯಿತು. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂಗುವ ಕೆರೆಯೆಂದರೆ ಕುಡಿಯುವ ನೀರಿನ ಬಾವಿಯ ತಾಯಿಬೇರು. ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರನ್ನು ಆ ಬೇರಿಗೇ ಉಣಿಸುವ ಮುನ್ನ, ಯಾವ ಕೆರೆಯ ಕೆಳಗೆ ಯಾವ ಊರಿನ ಕುಡಿಯುವ ನೀರಿನ ಬಾವಿಯಿದೆಯೆಂದು ಗುರುತಿಸಿ ಜನರ ಮುಂದಿಡಬೇಕಿತ್ತು.

ಎರಡನೆಯದು ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು. 2001ರಲ್ಲಿ ಗಣಿ ಮುಚ್ಚಿದಾಗ ಚಿನ್ನ ಹೊರಗೆ ಹೋಗಿತ್ತು, 3 ಕೋಟಿ ಟನ್ನಿಗೂ ಮಿಕ್ಕಿದ ಪುಡಿಮಣ್ಣು ಉಳಿದಿತ್ತು. ಬೇಸಗೆಯಲ್ಲಿ ಅದರ ಧೂಳು ಮನೆಗಳಿಗೆ ನುಗ್ಗುತ್ತದೆ. ಮಳೆಯಲ್ಲಿ ಅದು ತೊಳೆದುಕೊಂಡು ಇಳಿಜಾರಿನ ಕಡೆಗೆ ಹರಿಯುತ್ತದೆ. ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿತು. ಗಣಿಯ ಸಂಪತ್ತು ದೇಶಕ್ಕೆ, ಗಣಿಯ ಕೆಸರು ಬಡ ಕಾರ್ಮಿಕರ ಕುಟುಂಬಗಳಿಗೆ ಎಂಬ ಹಳೆಯ ಹಂಚಿಕೆ ಪುನರಾವರ್ತನೆಯಾಗಬಾರದು. ಒಂದು ಬುಟ್ಟಿ ಮಣ್ಣು ಕದಲಿಸುವ ಮುನ್ನ ಕೆಳಗಿನ ಪ್ರತಿಯೊಂದು ಕುಡಿಯುವ ನೀರಿನ ಬಾವಿಯನ್ನು ಪರೀಕ್ಷಿಸಿ, ಅದರ ರಕ್ಷಣಾ ವಲಯವನ್ನು ಪ್ರಕಟಿಸಬೇಕು.

ಬೂದಿಕೋಟೆಯಂಥ ಊರಿನಲ್ಲಿ ಈ ಕೆಲಸ ಆರಂಭಿಸಲು ಕೋಟಿ ರೂಪಾಯಿಗಳು ಬೇಕಾಗಿಲ್ಲ. ಪಂಚಾಯತಿಯ ನೀರಗಂಟಿಗೆ ಪ್ರತಿಯೊಂದು ಕೊಳವೆಬಾವಿಯೂ ಗೊತ್ತು. ಯಾವುದು ಬೇಸಗೆಯಲ್ಲಿ ಸೊರಗುತ್ತದೆ, ಯಾವುದು ಮಳೆ ಬಂದ ಮರುದಿನ ಕದಡುತ್ತದೆ ಎಂಬುದೂ ಗೊತ್ತು. ಮಳೆಯ ಬೆನ್ನಲ್ಲೇ ನೀರು ಕದಡಿದರೆ ಮೇಲ್ಮೈಯ ಕೊಳಕು ನೇರವಾಗಿ ಇಳಿಯುತ್ತಿದೆ ಎಂದೇ ಅರ್ಥ. ಗ್ರಾಮನಕ್ಷೆಯ ಮೇಲೆ ಮೊದಲು ಬಾವಿಗಳನ್ನು ಗುರುತಿಸಲಿ. ನಂತರ ಶೌಚಗುಂಡಿ, ಚರಂಡಿ, ತಿಪ್ಪೆ, ಕೋಳಿಫಾರಂ, ಪೆಟ್ರೋಲ್ ಬಂಕುಗಳನ್ನು. ಆಮೇಲೆ ಇಳಿಜಾರನ್ನು, ಕೆರೆ-ಕಾಲುವೆಗಳನ್ನು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ನೀಡಬೇಕೆಂದಿದೆ. ನಮ್ಮ ಸಹೋದರಿಯರೂ ಆ ಐವರಲ್ಲಿ ಸೇರಲಿ. ಬಂಡೆಯ ಬಿರುಕು ಮತ್ತು ಹರಿವಿನ ದಿಕ್ಕನ್ನು ಹೇಳಬೇಕಾದವರು ಅಂತರ್ಜಲ ನಿರ್ದೇಶನಾಲಯದ ತಜ್ಞರು. ಕೇಂದ್ರ ಅಂತರ್ಜಲ ಮಂಡಳಿಯು ದೇಶದ ಜಲಪದರಗಳ ನಕ್ಷೆ ತಯಾರಿಸಲು ವರ್ಷಗಟ್ಟಲೆ ದುಡಿದಿದೆ. ಆ ಜ್ಞಾನವು ದಿಲ್ಲಿ-ಬೆಂಗಳೂರುಗಳ ಕಚೇರಿಗಳಿಂದಿಳಿದು ಗ್ರಾಮಸಭೆಯ ಗೋಡೆಯ ಮೇಲೆ, ಜನರು ಓದಬಲ್ಲ ಕನ್ನಡದಲ್ಲಿ, ಏಕೆ ಬರಬಾರದು?

ಎರಡು ಆಕ್ಷೇಪಗಳು ಬರುವುದು ಖಚಿತ. ನನ್ನ ಹೊಲದ ಮೇಲೆ ಗೆರೆ ಎಳೆದರೆ ನನಗಾಗುವ ನಷ್ಟವನ್ನು ತುಂಬುವವರು ಯಾರು ಎಂದು ರೈತನು ಕೇಳುತ್ತಾನೆ. ಅದು ನ್ಯಾಯವಾದ ಪ್ರಶ್ನೆ. ಜರ್ಮನಿಯ ಮ್ಯೂನಿಕ್ ನಗರವು ತನ್ನ ನೀರಿನ ಮೂಲದ ಸುತ್ತಲಿನ ರೈತರು ರಾಸಾಯನಿಕ ಬಿಟ್ಟು ಸಾವಯವಕ್ಕೆ ಬರಲೆಂದು 1990ರ ದಶಕದಿಂದ ಹಣ ಕೊಡುತ್ತಾ ಬಂದಿದೆ. ಊರಿಗಾಗಿ ಒಬ್ಬನು ತ್ಯಾಗ ಮಾಡುವಾಗ ಊರು ಅವನಿಗೆ ಬೆಲೆ ತೆರಬೇಕು.

ಎರಡನೆಯದು ಇನ್ನೂ ಗಂಭೀರ. ನಗರದಂಚಿನ ಮೊಹಲ್ಲಾಗಳಲ್ಲಿ, ದಲಿತ ಕೇರಿಗಳಲ್ಲಿ, ಒಳಚರಂಡಿಯೇ ಇಲ್ಲ. ಇರುವ ಅಂಗೈ ಅಗಲದ ಜಾಗದಲ್ಲಿಯೇ ಗುಂಡಿ ತೋಡಿಕೊಂಡವರನ್ನು ನಾಳೆ ರಕ್ಷಣಾ ವಲಯದ ಹೆಸರಿನಲ್ಲಿ ಎತ್ತಂಗಡಿ ಮಾಡಿದರೆ? ಬುಲ್ಡೋಜರನ್ನೇ ಆಡಳಿತವೆಂದು ಬಗೆಯುವ ಕಾಲದಲ್ಲಿ ಈ ಭಯ ಆಧಾರರಹಿತವಲ್ಲ. ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು: ವಲಯದೊಳಗೆ ಬಿದ್ದ ಬಡವರ ಬೀದಿಗೆ ಮೊದಲು ಒಳಚರಂಡಿ, ಆಮೇಲೆ ನಿರ್ಬಂಧ. ನಕ್ಷೆಯು ಸೌಲಭ್ಯ ಎಲ್ಲಿಗೆ ಮೊದಲು ತಲುಪಬೇಕೆಂದು ತೋರಿಸುವ ಪಟ್ಟಿಯಾಗಬೇಕೇ ಹೊರತು, ಯಾರನ್ನು ಹೊರಹಾಕಬೇಕೆಂಬ ಪಟ್ಟಿಯಾಗಬಾರದು. ನಕ್ಷೆ ಎಳೆಯುವಾಗ ನಾವೂ ಅಲ್ಲಿ ಕುಳಿತಿದ್ದರೆ ಮಾತ್ರ ಇದು ಸಾಧ್ಯ. ಗ್ರಾಮಸಭೆಗೆ ಬಾರದವರ ಮನೆಯ ಮೇಲೆ ಗೆರೆ ಎಳೆಯುವುದು ಯಾವಾಗಲೂ ಸುಲಭ.

ಬೂದಿಕೋಟೆಯ, ಬಂಗಾರಪೇಟೆಯ, ಕೆ.ಜಿ.ಎಫ್.ನ ಜಮಾಅತ್‌ಗಳ ಮುಂದೆ ನಾವು ಒಂದು ವಿನಂತಿಯನ್ನಿಡುತ್ತೇವೆ. ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ಮಸೀದಿ, ಮದ್ರಸಾ, ಶಾದಿಮಹಲುಗಳ ಬಾವಿಗಳನ್ನು ಪರೀಕ್ಷಿಸಿರಿ. ಫಲಿತಾಂಶವನ್ನು ಫಲಕದ ಮೇಲೆ ಬರೆಯಿರಿ. ಬಾವಿಗೆ ತಾಗಿದ ಗುಂಡಿಯನ್ನು ಸ್ಥಳಾಂತರಿಸಿರಿ. ನೆರೆಯ ದೇವಾಲಯ, ಚರ್ಚು, ಸ್ತ್ರೀಶಕ್ತಿ ಸಂಘಗಳ ಸಹೋದರ ಸಹೋದರಿಯರನ್ನು ಕರೆದು ಒಂದೇ ನಕ್ಷೆಯ ಸುತ್ತ ಕುಳಿತುಕೊಳ್ಳಿರಿ; ನೆಲದಡಿಯ ನೀರು ಮೊಹಲ್ಲಾ ಯಾವುದು, ಅಗ್ರಹಾರ ಯಾವುದು ಎಂದು ಕೇಳಿ ಹರಿಯುವುದಿಲ್ಲ. 1999ರ ಕಾಯ್ದೆಯ 500 ಮೀಟರ್ ವೃತ್ತವನ್ನು ನಮ್ಮೂರಿನಲ್ಲಿ ಗುರುತಿಸಿ ಕೊಡಿ ಎಂದು ಪಂಚಾಯತಿಗೂ ತಹಶೀಲ್ದಾರರಿಗೂ ಲಿಖಿತವಾಗಿ ಕೇಳಿರಿ. ಬಾವಿ ತೋಡಿಸುವುದನ್ನು ನಾವು ಸದಕಾ ಜಾರಿಯಾ ಎಂದು ಭಾವಿಸುತ್ತೇವೆ. ತೋಡಿದ ಬಾವಿಗೆ ವಿಷ ಇಳಿಯದಂತೆ ಕಾಯುವುದೂ ಅದೇ ಪುಣ್ಯದ ಮುಂದುವರಿಕೆ. ಅದನ್ನು ಮಾಡದೆ ಹೋದರೆ ಮುಂದಿನ ಪೀಳಿಗೆಯ ಪಾಲಿಗೆ ನಾವು ತೋಡಿಸಿದ ಬಾವಿಯ ಹೆಸರು ಮಾತ್ರ ಉಳಿದೀತು, ನೀರು ಉಳಿಯದು.